ಗೆದ್ದವರಿಲ್ಲದ ದಿನದ ಪಟಾಕಿ

ನಮ್ಮ ಅಂಗಡಿ ಕಾಕನನ್ನು ಕೊಂದದ್ದು ಆನೆ ಅಲ್ಲ. ಆನೆ ತುಳಿದದ್ದು ನಿಜ, ಬಂದ ಅಧಿಕಾರಿಗಳೂ ಹಾಗೇ ಬರೆದುಕೊಂಡು ಹೋದರು. ಆದರೆ ಕೊಂದದ್ದು ಪಟಾಕಿ. ಗೆದ್ದವರು ಯಾರೂ ಇಲ್ಲದ ದಿನ, ನಾವೇ ಗೆದ್ದೆವು ಅಂತ ಎರಡು ಕಡೆಯವರೂ ಹೊಡೆದ ಪಟಾಕಿ. ಈ ಮಾತನ್ನು ಅವತ್ತೂ ಹೇಳಿದ್ದೇನೆ, ಇವತ್ತೂ ಹೇಳುತ್ತೇನೆ. ಬೇಜಾರಾಗುವವರಿಗೆ ಆಗಲಿ.

ಮೊನ್ನೆ ಮಳೆ ಬಿಟ್ಟು ಒಳ್ಳೆ ಬಿಸಿಲು ಬಿತ್ತು. ಅಟ್ಟದ ಮೇಲಿದ್ದ ಬಿಸ್ಕತ್ತಿನ ಡಬ್ಬಿ ಇಳಿಸಿ, ಅದರಲ್ಲಿದ್ದ ಗರ್ನಾಲುಗಳನ್ನು ಕಾಫಿ ಒಣಗಿಸುವ ಕಣದಲ್ಲಿ ಗೋಣಿಚೀಲದ ಮೇಲೆ ಹರಡಿದೆ. ಗರ್ನಾಲು ಅಂದರೆ ಆನೆ ಓಡಿಸುವ ದಪ್ಪ ಪಟಾಕಿ. ನಮ್ಮ ಥಂಡಿಗೆ ಅದರ ಮದ್ದು ಮುಗ್ಗುತ್ತದೆ. ಬಿಸಿಲು ಕಂಡಾಗ ಒಣಗಿಸಿಕೊಳ್ಳದಿದ್ದರೆ ಬೇಕಾದ ಹೊತ್ತಿಗೆ ಟುಸ್ ಅಂದು ಸುಮ್ಮನಾಗುತ್ತದೆ. ಬಿಸಿಲಿಗೆ ಕಾದ ಮದ್ದಿನ ವಾಸನೆ ಮೂಗಿಗೆ ಬಂತು. ಅದರ ಹಿಂದೆಯೇ ಒಣಮೀನಿನ ವಾಸನೆ. ಆ ಡಬ್ಬಿ ಕಾಕನ ಅಂಗಡಿಯದು. ತಗಡಿಗೆ ಮೀನಿನ ವಾಸನೆ ಹಿಡಿದುಬಿಟ್ಟಿದೆ, ತೊಳೆದರೂ ಹೋಗುವುದಿಲ್ಲ... ನಾನು ತೊಳೆಯುವುದನ್ನೂ ಬಿಟ್ಟಿದ್ದೇನೆ.

ಬಾಳೂರಿನ ಕಡೆಯಿಂದ ಬರುವ ರಸ್ತೆ ನಮ್ಮಲ್ಲಿ ತಿರುಗುವ ಜಾಗದಲ್ಲೇ ಕಾಕನ ಅಂಗಡಿ ಇತ್ತು. ಉಪ್ಪು, ಬೀಡಿ, ಒಣಮೀನು, ಮಳೆಗಾಲಕ್ಕೆ ಪ್ಲಾಸ್ಟಿಕ್ಕು, ಆಮೇಲೆ ಈ ಗರ್ನಾಲು. ಘಟ್ಟದ ಕೆಳಗಿಂದ ಹುಡುಗನಾಗಿದ್ದಾಗ ಬಂದ ಬ್ಯಾರಿ ಸಾಬರು, ಇಲ್ಲೇ ಮುದುಕರಾದರು. ಬಲಗಾಲಿನ ಮಂಡಿ ಮಡಚುತ್ತಿರಲಿಲ್ಲ. ಕೊಡೆಯನ್ನೇ ಊರುಗೋಲು ಮಾಡಿಕೊಂಡು ನಡೆಯುತ್ತಿದ್ದರು. ಮಾತು ಕಡಿಮೆ, ಅಳತೆ ಗಟ್ಟಿ. ಒಂದು ಮೀನಿನ ಬಾಲ ಹೆಚ್ಚಿಗೆ ಹಾಕಿದವರಲ್ಲ, ಕಡಿಮೆ ಹಾಕಿದವರೂ ಅಲ್ಲ.

ಆನೆ ಕಾಟ ಶುರುವಾದ ಮೇಲೆ ನಮ್ಮ ಊರಿನಲ್ಲಿ ಒಂದು ಕಟ್ಟು ಮಾಡಿಕೊಂಡಿದ್ದೆವು. ತೋಟದಲ್ಲಿ ಆನೆ ಕಂಡವರು ಗರ್ನಾಲು ಹೊಡೆಯಬೇಕು. ಆ ಸದ್ದು ಕೇಳಿದವರು ಎಲ್ಲಿದ್ದಾರೋ ಅಲ್ಲೇ ನಿಲ್ಲಬೇಕು, ಯಾವ ಕಡೆ ಅಂತ ಗೊತ್ತಾಗುವವರೆಗೂ ಕಾಲು ಕೀಳಬಾರದು. ಹಾಗಾಗಿ ಬೇರೆ ಯಾವುದಕ್ಕೂ ಪಟಾಕಿ ಇಲ್ಲ. ದೀಪಾವಳಿಗೂ ಇಲ್ಲ, ಮದುವೆಗೂ ಇಲ್ಲ. ಇದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದವರು ಪಟಾಕಿ ಮಾರುವ ಕಾಕನೇ. ನನ್ನ ಮಗನ ಮದುವೆಗೆ ಕೇಳಲು ಹೋದರೆ ಡಬ್ಬಿಯ ಮೇಲೆ ಕೈ ಇಟ್ಟುಕೊಂಡು ಕೂತರು.

"ಮದುವೆಗೆ ವಾಲಗ ಸಾಕಕ್ಕ. ಆನೆಗೆ ಏನು ಗೊತ್ತು, ನಿಮ್ಮನೆ ಮದುವೆ ಅಂತ?"

ನನಗೆ ಸಿಟ್ಟು ಬಂದಿತ್ತು. ಬಹಳ ದಿನ ಮೀನಿಗೆ ಬೇರೆ ಕಡೆ ಹೋದೆ. ಅಲ್ಲಿಯ ಮೀನು ಚೆನ್ನಾಗಿರಲಿಲ್ಲ, ವಾಪಸ್ಸು ಬಂದೆ.

ದೆಹಲಿಯ ಓಟಿನ ಫಲಿತಾಂಶದ ದಿನ ಆ ಕಟ್ಟು ಮುರಿಯಿತು. ಬೆಳಿಗ್ಗೆಯಿಂದಲೇ ಕಾಕನ ಅಂಗಡಿಯ ಟಿವಿ ಮುಂದೆ ಜನ. ಒಂದು ಪಾರ್ಟಿಯ ಹುಡುಗರು ಬಸ್ ನಿಲ್ಲುವ ಕಟ್ಟೆಯ ಮೇಲೆ, ಇನ್ನೊಂದು ಪಾರ್ಟಿಯವರು ಹಾಲಿನ ಡೈರಿ ಹತ್ತಿರ. ಎರಡೂ ಕಡೆ ಪೇಟೆಯಿಂದ ಜೀಪಿನಲ್ಲಿ ಪಟಾಕಿ ಪೆಟ್ಟಿಗೆ ತಂದು ಇಟ್ಟುಕೊಂಡಿದ್ದರು. ಟಿವಿಯಲ್ಲಿ ತಮ್ಮ ನಂಬರು ಏರಿದರೆ ಕಟ್ಟೆಯವರು ಹೊಡೆದರು. ಇಳಿದರೆ ಡೈರಿಯವರು ಹೊಡೆದರು. ಮಧ್ಯಾಹ್ನದ ಹೊತ್ತಿಗೆ ಯಾರಿಗೂ ಬಹುಮತ ಇಲ್ಲ ಅಂತಾಯಿತು. ಆಗಲಾದರೂ ನಿಲ್ಲಿಸುತ್ತಾರೆ ಅಂದುಕೊಂಡರೆ, ಇಲ್ಲ, ಜಾಸ್ತಿಯೇ ಆಯಿತು. ಗೆದ್ದಿದ್ದರೆ ಒಂದು ಕಡೆಯವರು ಹೊಡೆದು ಮನೆಗೆ ಹೋಗುತ್ತಿದ್ದರು. ಯಾರೂ ಗೆಲ್ಲದ್ದಕ್ಕೆ ಇಬ್ಬರೂ ಹೊಡೆಯುತ್ತಾ ನಿಂತರು.

ಜನರಿಗೆ ಭಯ ಹತ್ತಿತ್ತು. ಸರ್ಕಾರವೇ ಇಲ್ಲದಿದ್ದರೆ ರೇಷನ್ ಅಕ್ಕಿ ನಿಲ್ಲುತ್ತದೆ ಅಂದರು ಒಬ್ಬರು. ಪೇಟೆಯಲ್ಲಿ ಗಲಾಟೆಯಾಗುತ್ತದೆ, ಬಸ್ಸು ಬರುವುದಿಲ್ಲ ಅಂದರು ಇನ್ನೊಬ್ಬರು. ಹೇಳಿದವರಾರೂ ಪೇಟೆಗೆ ಹೋಗಿ ನೋಡಿ ಬಂದವರಲ್ಲ. ಆದರೂ ಹೆಂಗಸರು ಬಂದು ಬಂದು ಉಪ್ಪು, ಬೆಂಕಿಪೊಟ್ಟಣ ಒಯ್ದರು. ನಾನೂ ಹೋದೆ. ಸುಳ್ಳು ಯಾಕೆ ಹೇಳಲಿ, ನಾನೂ ಉಪ್ಪಿಗೇ ಹೋದದ್ದು.

ಅಂಗಡಿಗೆ ಅರ್ಧ ಬಾಗಿಲು ಮಾತ್ರ ತೆರೆದಿತ್ತು. ಹಲಗೆ ಜೋಡಿಸುವ ಹಳೇ ಕಾಲದ ಬಾಗಿಲು ಅದು, ಅರ್ಧ ಹಲಗೆ ತೆಗೆದು, ಅರ್ಧ ಹಾಗೇ ಬಿಟ್ಟಿದ್ದರು.

"ಇದೇನು ಕಾಕ, ಅರ್ಧ ಬಾಗಿಲು?" ಅಂದೆ.

ಕಾಕ ದನಿ ಇಳಿಸಿ ಹೇಳಿದರು: "ಪೂರ್ತಿ ಹಾಕಿದ್ರೆ ಹೆದರಿದ ಅಂತಾರೆ. ಪೂರ್ತಿ ತೆಗೆದ್ರೆ ನಂಗೇ ಹೆದರಿಕೆ ಆಗ್ತದೆ ಅಕ್ಕ."

ಎರಡೂ ಕಡೆಯವರು ಬೆಳಿಗ್ಗೆಯಿಂದ ಟಿವಿ ನೋಡಿದ್ದಕ್ಕಿಂತ ಕಾಕನ ಮುಖ ನೋಡಿದ್ದೇ ಹೆಚ್ಚು. ನಕ್ಕರೆ ಒಂದು ಮಾತು, ನಗದಿದ್ದರೆ ಒಂದು ಮಾತು. "ಏನ್ ಕಾಕ, ಬೆಳಿಗ್ಗೆ ಹಬ್ಬದ ಮುಖ ಇತ್ತು, ಈಗ ಸೂತಕದ ಮುಖ?" ಅಂತ ಒಬ್ಬ. "ಕಾಕ ಯಾರ ಕಡೆ ಅಂತ ಇವತ್ತು ಗೊತ್ತಾಗ್ಲೇಬೇಕು" ಅಂತ ಇನ್ನೊಬ್ಬ. ಇವರೆಲ್ಲ ಕಾಕನ ಅಂಗಡಿಯ ಬೆಲ್ಲ ಕದ್ದು ತಿಂದು ಬೆಳೆದವರೇ. ಹೇಳಿದ್ದು ತಮಾಷೆಗೇ ಇರಬಹುದು. ಆದರೆ ಆ ದಿನ ಯಾವುದು ತಮಾಷೆ, ಯಾವುದು ಅಲ್ಲ ಅಂತ ಹೇಳುವವರಿಗೇ ಗೊತ್ತಿರಲಿಲ್ಲ.

ಕಾಕ ಎರಡೂ ಕಡೆ ಹೋಗಿ ಒಂದೇ ಮಾತು ಹೇಳಿ ಬಂದರು: "ಪಟಾಕಿ ಬೇಡ ಮಾರಾಯ್ರೆ, ಮೇಲೆ ತೋಟದಲ್ಲಿ ಆನೆ ಉಂಟು. ಡೋಲು ಬಡೀರಿ, ಕುಣೀರಿ, ಪಟಾಕಿ ಒಂದು ಬೇಡ."

ಅವತ್ತಿಗೆ ಒಂದು ವಾರದಿಂದ ಒಂಟಿ ಸಲಗವೊಂದು ಮೇಲಿನ ಎಸ್ಟೇಟಿನಲ್ಲೇ ತಿರುಗುತ್ತಿತ್ತು. ಗೊತ್ತಿಲ್ಲದವರು ಯಾರೂ ಇರಲಿಲ್ಲ.

"ನಮ್ ಪಾರ್ಟಿ ಬರೋದು ಕಂಡು ಕಾಕನಿಗೆ ಆನೆ ನೆನಪಾಯ್ತು ನೋಡ್ರೋ" ಅಂತ ಕಟ್ಟೆಯವರು ನಕ್ಕರು. ಡೈರಿಯವರೂ ಅದನ್ನೇ ಹೇಳಿ ನಕ್ಕರು. ಆ ಒಂದು ವಿಷಯದಲ್ಲಿ ಎರಡೂ ಪಾರ್ಟಿಗೆ ಒಮ್ಮತ ಇತ್ತು.

ಆಮೇಲೆ ಕಾಕ ಬೇರೆ ದಾರಿ ಕಾಣದೆ ಒಂದು ಕೆಲಸ ಹಿಡಿದರು. ಪ್ರತಿ ಸದ್ದಿಗೂ ಎದ್ದು, ಕೊಡೆ ಊರಿಕೊಂಡು ರಸ್ತೆ ದಾಟಿ, ತೋಟದ ಕಾಲುದಾರಿ ಶುರುವಾಗುವಲ್ಲಿಗೆ ಹೋಗಿ ನಿಲ್ಲುವುದು. ಮೇಲಿಂದ ಯಾರಾದರೂ ಇಳಿದರೆ, ಕೆಳಗಿಂದ ಯಾರಾದರೂ ಹತ್ತಿದರೆ ಕೈ ಅಡ್ಡ ಹಿಡಿಯುವುದು. ಸದ್ದು ಪಾರ್ಟಿಯದೋ ಆನೆಯದೋ ಅವರಿಗೂ ತಿಳಿಯುತ್ತಿರಲಿಲ್ಲ. ತಿಳಿಯದ್ದಕ್ಕೇ ಪ್ರತಿ ಸಲ ಹೋಗುತ್ತಿದ್ದರು. ಉಳಿದ ನಾವೆಲ್ಲ, ಅಷ್ಟು ವರ್ಷ ಸದ್ದಿಗೆ ನಿಂತವರು, ಆ ದಿನ ಮಧ್ಯಾಹ್ನದೊಳಗೆ ನಿಲ್ಲುವುದನ್ನೇ ಮರೆತಿದ್ದೆವು.

ಸಂಜೆ ನಾಲ್ಕರ ಮೇಲೆ ಮೋಡ ಕವಿಯಿತು, ಕರೆಂಟು ಹೋಯಿತು. ನಮ್ಮ ಕಡೆ ಕರೆಂಟು ಹೋದರೆ ಮೊಬೈಲೂ ಸತ್ತ ಹಾಗೆ. ಟಿವಿ ಇಲ್ಲದ್ದಕ್ಕೆ ಗಂಡಸರು ಪಟಾಕಿ ಸದ್ದು ಕೇಳಿ ಸೀಟು ಲೆಕ್ಕ ಹಾಕಲು ಶುರುಮಾಡಿದರು. ಕಟ್ಟೆಯ ಕಡೆ ಸದ್ದಾದರೆ ಅವರದ್ದು ಏರಿತು, ಡೈರಿ ಕಡೆಯಾದರೆ ಇವರದ್ದು. ನಾನು ಉಪ್ಪಿನ ಚೀಲ ಹಿಡಿದು ಅಂಗಡಿಯಲ್ಲೇ ನಿಂತಿದ್ದೆ. ನನ್ನ ಸೊಸೆ ಮೇಲಿನ ಎಸ್ಟೇಟಿನಲ್ಲಿ ಗೊಬ್ಬರ ಹಾಕುವ ಕೆಲಸಕ್ಕೆ ಹೋಗಿದ್ದಳು. ಅವಳ ಜೊತೆ ನಮ್ಮ ಕೇರಿಯ ಹೆಂಗಸರೂ ಇದ್ದರು. ಅವರೆಲ್ಲ ಇಳಿಯುವುದು ಅದೇ ಕಾಲುದಾರಿಯಲ್ಲಿ, ಅದೇ ಹೊತ್ತಿಗೆ.

ಆಗ ಮೇಲೆ, ತೋಟದ ಒಳಗೆ, ಒಂದು ಸದ್ದಾಯಿತು.

"ಬಂತು ನೋಡು ಇನ್ನೊಂದು ಸೀಟು" ಅಂದ ಒಬ್ಬ.

ಆಳುಗಳ ಕೆಲಸ ನೋಡಿಕೊಳ್ಳುವ ಎಸ್ಟೇಟಿನ ರೈಟರು ಆನೆ ಕಂಡು ಹೊಡೆದ ಗರ್ನಾಲು ಅದು. ಆದರೆ ಕಟ್ಟೆಯವರು ಡೈರಿಯವರ ಜೀಪು ಮೇಲೆ ಹೋಗಿದೆ ಅಂದುಕೊಂಡರು. ಡೈರಿಯವರು ಕಟ್ಟೆಯವರದ್ದು ಅಂದುಕೊಂಡರು. ನಾವೇನು ಕಡಿಮೆ ಅಂತ ಇಬ್ಬರೂ ಒಟ್ಟಿಗೆ ರಸ್ತೆಗೆ ಉದ್ದುದ್ದ ಸರ ಹಾಸಿ ಬೆಂಕಿ ಕೊಟ್ಟರು.

ಕಾಕ ಎದ್ದಿದ್ದರು. "ಅಕ್ಕ, ಸ್ವಲ್ಪ ಅಂಗಡಿ ನೋಡ್ಕೊಳ್ಳಿ. ಹೆಂಗಸ್ರು ಇಳಿಯೋ ಹೊತ್ತು."

"ಹೊರಟ್ರಪ್ಪ ಫಾರೆಸ್ಟ್ ಆಫೀಸರ್ರು" ಅಂದರು ಯಾರೋ ಹಿಂದಿನಿಂದ. ಕಾಕ ತಿರುಗಿ ನೋಡಲಿಲ್ಲ. ಅಷ್ಟು ಹೊತ್ತೂ ದಾರಿಯ ಬುಡದಲ್ಲೇ ನಿಲ್ಲುತ್ತಿದ್ದವರು, ಈ ಸಲ ಕಾಲೆಳೆದುಕೊಂಡು ಮೇಲೆ ಹತ್ತುವುದು ಕಂಡಿತು. ಕಾಫಿ ಗಿಡಗಳ ಮಧ್ಯೆ ಕಪ್ಪು ಕೊಡೆ ಸ್ವಲ್ಪ ದೂರ ಕಾಣಿಸಿತು... ಆಮೇಲೆ ಕಾಣಲಿಲ್ಲ.

ಮುಂದಿನದ್ದನ್ನು ಹೇಳಿದವಳು ನನ್ನ ಸೊಸೆ. ಅವರು ಮಾತಾಡುತ್ತಾ ಇಳಿಯುತ್ತಿದ್ದರಂತೆ. ಸದ್ದು ಕೇಳಿತ್ತು, ಬೆಳಿಗ್ಗೆಯಿಂದ ಕೇಳುತ್ತಲೇ ಇದೆಯಲ್ಲ ಅಂತ ನಿಲ್ಲಲಿಲ್ಲ. ತಿರುವಿನಲ್ಲಿ ಕಾಕ ಎರಡೂ ಕೈ ಅಗಲಿಸಿ ಅಡ್ಡ ನಿಂತಿದ್ದರು. "ಕೆಳಗೆ ಬೇಡ, ಪಂಪ್‌ಹೌಸಿಗೆ ಹೋಗಿ, ಬಾಗಿಲು ಹಾಕ್ಕೊಳ್ಳಿ" ಅಂದರಂತೆ. ಅವರ ದನಿ ಕೇಳಿ ಹೆಂಗಸರು ಓಡಿದರು. ರೈಟರ ಗರ್ನಾಲಿಗೆ ಬೆದರಿ ರಸ್ತೆ ಕಡೆ ಇಳಿಯುತ್ತಿದ್ದ ಆನೆ, ರಸ್ತೆಯಲ್ಲಿ ಸರಪಟಾಕಿ ಸಿಡಿದದ್ದಕ್ಕೆ ತಿರುಗಿ ಅದೇ ಕಾಲುದಾರಿ ಹಿಡಿದಿತ್ತು. ಪಂಪ್‌ಹೌಸಿನ ಬಾಗಿಲು ಹಾಕದೆ ಸಂದಿ ಬಿಟ್ಟು, "ಬನ್ನಿ ಕಾಕ, ಬನ್ನಿ" ಅಂತ ನನ್ನ ಸೊಸೆ ಕೂಗಿದಳಂತೆ. ಕಾಕ ಬರುತ್ತಿದ್ದರು. ಆದರೆ ಆ ಮಂಡಿ... ಅವರು ಕಿರುಚಲಿಲ್ಲ ಅಂದಳು. ಕೊಡೆಯ ಕಡ್ಡಿ ಮುರಿದ ಸದ್ದು ಕೇಳಿತು ಅಂದಳು. ಅದನ್ನು ಇನ್ನೊಂದು ಸಲ ಹೇಳು ಅಂತ ನಾನು ಕೇಳಿಲ್ಲ. ಅವಳೂ ಹೇಳಿಲ್ಲ.

ಕಾಕನನ್ನು ಪೇಟೆಯ ಆಸ್ಪತ್ರೆಗೆ ಒಯ್ಯುವಾಗ ಕರೆಂಟು ಬಂತು. ಅಂಗಡಿಯೊಳಗೆ ಟಿವಿ ತಾನೇ ಹೊತ್ತಿಕೊಂಡು, ಯಾರು ಯಾರ ಜೊತೆ ಸೇರಬಹುದು ಅಂತ ಕಿರುಚಲು ಶುರುಮಾಡಿತು. ನಾನೇ ಹೋಗಿ ಆರಿಸಿದೆ.

ಈಗ ಆ ಅಂಗಡಿಗೆ ಪೂರ್ತಿ ಹಲಗೆ ಬಿದ್ದಿದೆ. ಕಾಕನ ಹೆಂಡತಿ ಘಟ್ಟದ ಕೆಳಗೆ ತಂಗಿಯ ಮನೆಗೆ ಹೋದರು. ಹೋಗುವಾಗ ಗರ್ನಾಲಿನ ಡಬ್ಬಿ ನನ್ನ ಕೈಗೆ ಕೊಟ್ಟು, "ಆನೆಗೆ ಮಾತ್ರ" ಅಂದರು. ದೆಹಲಿಯಲ್ಲಿ ಅವರಿವರು ಸೇರಿ ಸರ್ಕಾರವೂ ಆಯಿತು. ಕಟ್ಟೆಯವನೂ ಡೈರಿಯವನೂ ಈಗ ಒಂದೇ ಬೈಕಿನಲ್ಲಿ ಹೋಗುವುದು ಕಾಣುತ್ತೇನೆ. ನನಗೆ ಮಾತ್ರ ಎಲ್ಲಿ ಏನು ಸದ್ದಾದರೂ, ಜೀಪಿನ ಟಯರು ಒಡೆದರೂ, ಕಾಲು ನಿಂತುಬಿಡುತ್ತದೆ. ಕಣ್ಣು ಕಾಲುದಾರಿಯ ಕಡೆ ಹೋಗುತ್ತದೆ. ಅಲ್ಲಿ ಕೈ ಅಡ್ಡ ಹಿಡಿದು ನಿಂತವರು ಯಾರೂ ಇಲ್ಲ. ಮೊನ್ನೆ ಗರ್ನಾಲು ಒಣಗಿಸುವಾಗಲೂ ಆ ಕಡೆಯೇ ಮುಖ ಮಾಡಿ ಕೂತಿದ್ದೆ. ಹೆದರಿಕೆ ಹೋಗಿಲ್ಲ. ಹೋಗುವುದೂ ಬೇಡ.

ಕಾಕ ತೀರಿಕೊಂಡ ಮಾರನೇ ಬೆಳಿಗ್ಗೆ, ಅವರ ದೇಹ ಇನ್ನೂ ಪೇಟೆಯಿಂದ ವಾಪಸ್ಸು ಬಂದಿರಲಿಲ್ಲ. ನಾನು ಒಂದು ಖಾಲಿ ಕಾಫಿ ಚೀಲ ತೆಗೆದುಕೊಂಡು ಮೊದಲು ಕಟ್ಟೆ ಹುಡುಗರ ಮುಖಂಡನ ಮನೆಗೆ ಹೋದೆ. ಜಗಲಿಯ ಮೇಲೆ ಪಟಾಕಿ ಪೆಟ್ಟಿಗೆ ಇತ್ತು.

"ಇದು ಯಾತಕ್ಕೆ ಇಟ್ಕೊಂಡಿದ್ದೀಯ?" ಅಂದೆ.

"ಸರ್ಕಾರ ಯಾರದ್ದು ಅಂತ ಇನ್ನೂ ಗೊತ್ತಾಗಿಲ್ವಲ್ಲ ದೊಡ್ಡಮ್ಮ... ಆಮೇಲೆ ಹೊಡೆಯಾಣ ಅಂತ..."

"ಚೀಲಕ್ಕೆ ಹಾಕು."

ಹಾಕಿದ. ಡೈರಿ ಕಡೆಯ ಮುಖಂಡನ ಮನೆಗೂ ಹೋದೆ. ಅವನು ನಾನು ಬಾಯಿ ಬಿಡುವ ಮೊದಲೇ ಪೆಟ್ಟಿಗೆ ತಂದು ಸುರಿದ. ನನ್ನ ಮುಖ ನೋಡಲಿಲ್ಲ. ಚೀಲ ತಲೆ ಮೇಲೆ ಹೊತ್ತು ಮನೆಗೆ ಬಂದು, ಮಳೆನೀರು ತುಂಬಿದ ಸಗಣಿ ಗುಂಡಿಗೆ ಎರಡೂ ಕಡೆಯ ಪಟಾಕಿಯನ್ನು ಒಟ್ಟಿಗೆ ಸುರಿದೆ. ತೇಲಿದವು. ದನದ ಹಟ್ಟಿಯಿಂದ ಕೋಲು ತಂದು, ಗುಳ್ಳೆ ಏಳುವುದು ನಿಲ್ಲುವವರೆಗೂ ಒತ್ತಿ ಹಿಡಿದು ನಿಂತೆ.