ಒಂದು ದಿನದ ಕಣ್ಣು

ಹೇಳಲು ನಾಚಿಕೆ. ಹುಟ್ಟಿದಾಗಿನಿಂದ ಹಂಗಳ ಎಂಬ ಊರಲ್ಲೇ ಇದ್ದರೂ ನಾನು ಎದುರಿಗಿರುವ ಗೋಪಾಲಸ್ವಾಮಿ ಬೆಟ್ಟವನ್ನು ಪೂರ್ತಿ ನೋಡಿರಲಿಲ್ಲ. ಮೈನಸ್ ಎಂಟರ ದಪ್ಪ ಕನ್ನಡಕದೊಳಗೆ ಎಷ್ಟು ಹಿಡಿಸುತ್ತಿತ್ತೋ ಅಷ್ಟೇ ಬೆಟ್ಟ ಎಂದುಕೊಂಡಿದ್ದೆ.

ನಲವತ್ತಾರನೇ ವಯಸ್ಸಿನಲ್ಲಿ, ಕಚೇರಿ ಇರುವ ಚಾಮರಾಜನಗರದಿಂದ ದಿನಕ್ಕೊಂದು ಜೊತೆ ಹಾಕಿ ಎಸೆಯುವ ಕಾಂಟ್ಯಾಕ್ಟ್ ಲೆನ್ಸ್ ತಂದೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿದ ಬೆರಳನ್ನು ಎರಡು ಸಲ ಸೋಪಿನಲ್ಲಿ ತೊಳೆದು, ಒರೆಸಿ ಕೂತೆ. ಬೆರಳ ತುದಿಯಲ್ಲಿ ಲೆನ್ಸು ಇದೆಯೋ ಇಲ್ಲವೋ ಎಂಬಂತಿತ್ತು. ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಕೂತಾಗಲೂ ನಾನು ಅಷ್ಟು ಉಸಿರು ಬಿಗಿಹಿಡಿದವನಲ್ಲ, ಶಿವ ಕ್ಷಮಿಸಲಿ. ನಾಲ್ಕನೇ ಪ್ರಯತ್ನಕ್ಕೆ ಕೂತಿತು. ಅಂಗಳಕ್ಕೆ ಬಂದರೆ, ಅಬ್ಬಾ, ಎಷ್ಟು ದೊಡ್ಡ ಬೆಟ್ಟ! ನೆತ್ತಿಯಲ್ಲಿ ಮಂಜು, ಇಳಿಜಾರಿನಲ್ಲಿ ಒಂದೊಂದು ಮರವೂ ಬೇರೆ ಬೇರೆ. ನೀರಹನಿಯಷ್ಟೂ ತೂಕವಿಲ್ಲದ ವಸ್ತು ಇಷ್ಟನ್ನೆಲ್ಲ ಹೇಗೆ ತಂದುಕೊಟ್ಟಿತು ಎಂದು ನೋಡುತ್ತಲೇ ನಿಂತೆ. ಬಸ್ಸು ತಪ್ಪಿತು.

ಸಂಜೆ ಎಸೆಯಲು ಮನಸ್ಸು ಬರಲಿಲ್ಲ. ಹಳೆ ಪಂಚೆ ನೆಲ ಒರೆಸುವ ಬಟ್ಟೆಯಾಗಿ, ಆಮೇಲೆ ಬೈಕು ಉಜ್ಜುವ ಚಿಂದಿಯಾಗುವ ಮನೆ ನಮ್ಮದು. ಕುದಿಸಿ ಆರಿಸಿದ ನೀರನ್ನು ಎರಡು ಪುಟ್ಟ ಬಟ್ಟಲಿಗೆ ಹಾಕಿ, ಎಡಗಣ್ಣಿನದು ಬಲಗಣ್ಣಿನದು ಅಂತ ಬೇರೆಬೇರೆ ನೆನೆಹಾಕಿ, ಮರುದಿನ ಅದನ್ನೇ ಹಾಕಿಕೊಂಡೆ. ಮಧ್ಯಾಹ್ನದೊಳಗೆ ಬಲಗಣ್ಣು ಮೆಣಸಿನಕಾಯಿ ತಿಕ್ಕಿದಂತೆ ಉರಿಯತೊಡಗಿತು.

"ನೀರಲ್ಲಿಟ್ರಾ?" ಕಣ್ಣಾಸ್ಪತ್ರೆಯ ಡಾಕ್ಟರಮ್ಮ ತಲೆ ಚಚ್ಚಿಕೊಂಡರು. "ಇನ್ನೆರಡು ದಿನ ಬಿಟ್ಟು ಬಂದಿದ್ರೆ ಕಣ್ಣೇ ಹೋಗ್ತಿತ್ತು."

ಔಷಧಿ ಬಿಟ್ಟುಕೊಳ್ಳುತ್ತಾ ಎರಡು ವಾರ ಕಳೆದೆ. ಬೆಟ್ಟವನ್ನು ಒಂದೇ ಒಂದು ದಿನ ತೋರಿಸಿ ಕಸಿದುಕೊಂಡರೆ ಏನು ಗತಿ ಎಂದು ನಿಜಕ್ಕೂ ಹೆದರಿದ್ದೆ.

ಕಣ್ಣು ವಾಸಿಯಾಗಿ, ಡಾಕ್ಟರಮ್ಮ ಒಪ್ಪಿದ ಮೇಲೆ ಹೊಸ ಜೊತೆ ಹಾಕಿಕೊಂಡೆ. ಅಂದು ಸಂಜೆ ಅದನ್ನು ತೆಗೆದು ಕಸದ ಡಬ್ಬಿಯ ಮುಂದೆ ಮತ್ತೆ ಅನುಮಾನಿಸುತ್ತ ನಿಂತಿದ್ದೆ. ದೀಪ ಹಚ್ಚುವ ಮುನ್ನ ದೇವರ ಗೂಡಿನಿಂದ ಬಾಡಿದ ಹೂ ತೆಗೆಯುತ್ತಿದ್ದ ಅವ್ವ ಕೇಳಿದಳು, "ಯಾಕ್ಲಾ ಅಂಗ್ ನಿಂತ್ಕಂಡೆ?"

"ಇವತ್ತೆಲ್ಲಾ ಬೆಟ್ಟ ತೋರುಸ್ತು ಕಣವ್ವ. ಎಸಿಯಕ್ಕೆ ಮನ್ಸು ಬತ್ತಿಲ್ಲ."

"ಈ ಹೂವೂ ಬೆಳಗ್ನಿಂದ ಸಿವನ ತಲೆ ಮ್ಯಾಲಿತ್ತು. ನಾಳೀಕೂ ಇದ್ನೇ ಏರ್ಸನಾ?" ಎಂದು ಅವ್ವ ಹೂವನ್ನು ದಾಸವಾಳದ ಬುಡಕ್ಕೆ ಹಾಕಲು ಹೋದಳು.

ನಾನು ಎಸೆದೆ. ಬೆಳಿಗ್ಗೆ ಹೊಸದನ್ನು ಹಾಕಿಕೊಂಡು ಅಂಗಳಕ್ಕೆ ಬಂದೆ. ಬೆಟ್ಟ ನಿನ್ನೆಯದೇ ಇತ್ತು. ಆದರೂ ಕೈ ತಾನಾಗಿ ಮುಗಿಯಿತು.