ಗೋಡೆಗೆ ತಿರುವಿದ ಗುಂಡಿ

ಆ ಭಾನುವಾರ ಸಂಜೆ ಕರೆಂಟು ಹೋಗಬಹುದಿತ್ತು. ಮಾಳಿಗೆಯ ಮೇಲಿನ ಆಂಟೆನಾದ ಮೇಲೆ ಕಾಗೆ ಕೂತು, ಬೆಂಗಳೂರಿನ ಕಡೆಗಿದ್ದ ಅದರ ಮೂತಿಯನ್ನು ಬೇರೆಲ್ಲಿಗೋ ತಿರುಗಿಸಬಹುದಿತ್ತು. ಟೀವಿಯವರು ‘ಅಡಚಣೆಗಾಗಿ ಕ್ಷಮಿಸಿ’ ಎಂಬ ಫಲಕ ಹಾಕಿ ಕಾಫಿಗೆ ಹೋಗಬಹುದಿತ್ತು. ಬಾಗಲೂರಿನಿಂದ ನೆಂಟರು ಬಂದಿಳಿಯಬಹುದಿತ್ತು. ಅಮ್ಮ ನಿದ್ದೆ ಹೋಗಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಗೋಡೆಯಾಚೆಯ ಮನೆ ಮಾಲೀಕರು ರೇಗಿ, ತಮ್ಮ ಮಾಳಿಗೆಯ ಮೇಲಿದ್ದ ನಮ್ಮ ಆಂಟೆನಾವನ್ನೇ ಇಳಿಸಬಹುದಿತ್ತು. ಟೀವಿಯಲ್ಲಿ ಬರಲಿರುವ ಸಿನಿಮಾ ಯಾವುದೆಂದು ತಿಳಿದ ಬುಧವಾರದಿಂದಲೇ ಇವಿಷ್ಟನ್ನೂ ನಾನು ಒಂದೊಂದಾಗಿ ಚಿಂತಿಸಿ ಮುಗಿಸಿದ್ದೆ.

ಹೊಸೂರಿನಲ್ಲಿ ನಮ್ಮದು ಬಾಡಿಗೆ ಮನೆ. ಮಾಲೀಕರು ನಿವೃತ್ತ ಹೆಡ್‌ಮಾಸ್ಟರು. ಅವರಿಗೂ ನಮಗೂ ನಡುವೆ ಇದ್ದದ್ದು ಒಂದೇ ಗೋಡೆ. ಅಮ್ಮನ ಕಣ್ಣಿಗೆ ಪೊರೆ ಬಂದ ಮೇಲೆ ಸಿನಿಮಾ ಅವಳಿಗೆ ಬರೀ ಕಿವಿಯ ವ್ಯವಹಾರವಾಗಿತ್ತು. ಸಿನಿಮಾಗಳಲ್ಲೋ, ಮಾತು ಪಿಸುಗುಡುತ್ತದೆ, ಹಾಡು ಗುಡುಗುತ್ತದೆ. ಹಾಗಾಗಿ ನಾನು ಟೀವಿಯ ಪಕ್ಕದಲ್ಲೇ ಮಣೆ ಹಾಕಿಕೊಂಡು, ಮಾತಿಗೆ ಸೌಂಡಿನ ಗುಂಡಿ ಏರಿಸುತ್ತ, ಹಾಡಿಗೆ ಇಳಿಸುತ್ತ ಕೂರುತ್ತಿದ್ದೆ. ನಾಯಕಿ ಮರದ ಕಡೆ ನಡೆದರೆ ಹಾಡು ಬಂತೆಂದು ತಿಳಿಯುತ್ತಿತ್ತು. ಹೊಡೆದಾಟಕ್ಕೆ ಮಾತ್ರ ಯಾವ ಮುನ್ಸೂಚನೆಯೂ ಇರಲಿಲ್ಲ. ಸಿನಿಮಾ ಮುಗಿದಾಗ ಕಥೆ ಏನೆಂದು ನನಗೆ ಗೊತ್ತಿರುತ್ತಿರಲಿಲ್ಲ. ಬೆರಳು ಮಾತ್ರ ನೋಯುತ್ತಿತ್ತು.

ಹಾಡು ಮುಗಿದು ನಾನು ಮತ್ತೆ ಏರಿಸುವಷ್ಟರಲ್ಲಿ ಮೊದಲೆರಡು ಮಾತು ಹೋಗಿರುತ್ತಿದ್ದವು.

“ಏನಂದ್ಲು ಅವ್ಳು?” ಎನ್ನುತ್ತಿದ್ದಳು ಅಮ್ಮ.

“ಏನೋ ಅಂದ್ಲು, ಬಿಡಮ್ಮ.”

“ನೀನು ನಂಗೋಸ್ಕರ ತಿರುವ್ತಿಲ್ಲ ಕಣ್ಲಾ. ಆ ಗೋಡೆಗೋಸ್ಕರ ತಿರುವ್ತಿದ್ದೀಯ.”

ಆ ಭಾನುವಾರದ ಸಿನಿಮಾ ಬಹಳ ಹಳೆಯದು. ಅಮ್ಮ ಅದನ್ನು ಸೂಳಗಿರಿಯಲ್ಲಿ ಟೆಂಟು ಹಾಕಿದ್ದಾಗ ನೋಡಿದ್ದಳು, ಕೊನೆಯೊಂದನ್ನು ಬಿಟ್ಟು. ಕೊನೆಯಲ್ಲಿ, ಮನೆ ಬಿಟ್ಟು ಹೋಗಿದ್ದ ಮಗ ಬಾಗಿಲಿಗೆ ಬಂದಾಗ ತಾಯಿ ಒಂದು ಮಾತು ಹೇಳುತ್ತಾಳಂತೆ. ಇಡೀ ಟೆಂಟೇ ಅತ್ತಿತಂತೆ. ಸರಿಯಾಗಿ ಆ ಹೊತ್ತಿಗೆ ಮಡಿಲಲ್ಲಿದ್ದ ಕೂಸು ಕಿರುಚಿಕೊಂಡು, ಅಮ್ಮ ಹೊರಗೆ ಬರಬೇಕಾಯಿತು. ಆ ಕೂಸು ನಾನು. ಜೊತೆಗೆ ಹೋಗಿದ್ದವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದ್ದರು. ಮೂವತ್ತೈದು ವರ್ಷ ಅವಳು ಆ ಮಾತಿಗಾಗಿ ಕಾದಿದ್ದಳು.

“ಇವತ್ತು ಅದೊಂದು ಮಾತು ಕೇಳ್ಬುಡ್ಬೇಕು. ಗುಂಡಿ ಮುಟ್ಬೇಡ ಕಣ್ಲಾ.”

ಮುಟ್ಟಲಿಲ್ಲ. ಮಾತು ಕೇಳುವಷ್ಟಕ್ಕೆ ಏರಿಸಿ ಕೈಕಟ್ಟಿ ಕೂತೆ. ಮೊದಲ ಹಾಡಿಗೆ ಗೂಡಿನಲ್ಲಿದ್ದ ಲೋಟಗಳು ನಡುಗಿದವು. ಎರಡನೆಯದಕ್ಕೆ ನಾನು. ಮೂರನೆಯದಕ್ಕೆ ಗೋಡೆಯಾಚೆಯಿಂದ ಕೋಲಿನ ಕುಟ್ಟು ಕೇಳಿಸಿತು. ಕೊನೆಯ ಹೊಡೆದಾಟ ಮುಗಿಯುವಷ್ಟರಲ್ಲಿ ಮಾಲೀಕರು ನಮ್ಮ ಬಾಗಿಲಲ್ಲೇ ನಿಂತಿದ್ದರು.

“ಏನಪ್ಪಾ, ನೀವು ಸಿನಿಮಾ ನೋಡ್ತಿದ್ದೀರೋ, ಊರಿಗೆ ತೋರಿಸ್ತಿದ್ದೀರೋ? ಕಮ್ಮಿ ಮಾಡು. ಇಲ್ಲಾಂದ್ರೆ ಬೆಳಿಗ್ಗೆ ಆಂಟೆನಾ ಇಳಿಸ್ತೀನಿ.”

ನನ್ನ ಕೈ ಅಭ್ಯಾಸಬಲದಿಂದ ಗುಂಡಿಯತ್ತ ಹೋಯಿತು. ಅಮ್ಮ ಕತ್ತು ಚಾಚಿ, ಉಸಿರು ಹಿಡಿದು, ಟೀವಿಗೆ ಕಿವಿ ಕೊಟ್ಟು ಕೂತಿದ್ದಳು. ಕೈ ಹಿಂದಕ್ಕೆ ಬಂತು. ನಾನು ಎದ್ದು ನಿಂತೆ. ಅದುವರೆಗೆ ಯಾರೆದುರೂ ಹಾಗೆ ನಿಂತವನಲ್ಲ.

“ಕಮ್ಮಿ ಮಾಡಲ್ಲ ಸಾರ್. ಆಂಟೆನಾ ಇಳ್ಸಿ, ಮನೆ ಬಿಡ್ಸಿ, ಏನಾದ್ರೂ ಮಾಡ್ಕೊಳ್ಳಿ. ನಮ್ಮಮ್ಮ ಮೂವತ್ತೈದು ವರ್ಷ ಕಾದವ್ಳೆ. ಅವ್ಳು ಕೇಳೋಗಂಟ ಈ ಗುಂಡಿ ಯಾರೂ ಮುಟ್ಟಂಗಿಲ್ಲ.”

ಎರಡು ಹಾಡು, ಒಂದು ಹೊಡೆದಾಟಕ್ಕಾಗುವಷ್ಟು ದನಿ ನನ್ನೊಳಗಿತ್ತೆಂದು ನನಗೇ ತಿಳಿದಿರಲಿಲ್ಲ. ಮಾಲೀಕರು ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು, ಹೊರಟುಹೋದರು.

ಮರುದಿನ ಆಂಟೆನಾ ಇಳಿಯಲಿಲ್ಲ. ಆ ಭಾನುವಾರ ಸಂಜೆ ಕರೆಂಟೂ ಹೋಗಿರಲಿಲ್ಲ, ಕಾಗೆ ಬಂದಿರಲಿಲ್ಲ, ನೆಂಟರೂ ಬಂದಿರಲಿಲ್ಲ. ನಾನಾಡಿದ ಮಾತಿಗೆ ಇಂದಿಗೂ ನನಗೆ ನಾಚಿಕೆಯಿಲ್ಲ. ಅಂಥ ಸಂದರ್ಭ ಮತ್ತೆ ಬಂದರೆ ಮತ್ತೆ ಆಡುತ್ತೇನೆ, ಸ್ವಲ್ಪ ಮೆಲ್ಲಗೆ.

ಯಾಕೆಂದರೆ, ನಾನು ಗೆದ್ದ ಮುಖ ಹೊತ್ತು ಟೀವಿಯತ್ತ ತಿರುಗಿದಾಗ ಮಗ ಬಾಗಿಲು ದಾಟಿ ಒಳಗೆ ಬಂದಾಗಿತ್ತು. ಹೇಳಬೇಕಾದದ್ದನ್ನು ಹೇಳಿ ಮುಗಿಸಿದ್ದ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಮ್ಮ ನಿಧಾನವಾಗಿ ನನ್ನ ಕಡೆಗೆ ಮುಖ ಮಾಡಿದಳು.

“ಅವತ್ತೂ ನೀನೇ ಕಿರುಚ್ದೆ ಕಣ್ಲಾ,” ಎಂದಳು. “ಇವತ್ತೂ ನೀನೇ.”