ಸುಳಿವು ಕೊಟ್ಟವರ ಹೆಸರು

ಮುಂಗಾರಿನಲ್ಲಿ ಮೀನು ಮೊಟ್ಟೆ ಇಡುವ ಎರಡು ತಿಂಗಳು ನದಿಗೆ ಬಲೆ ಹಾಕಬಾರದು ಎಂದು ಊರೂರಿಗೆ ಹೋಗಿ ಪೋಸ್ಟರ್ ಅಂಟಿಸುವುದು ನನ್ನ ನೌಕರಿ. ಅವತ್ತು ಮಾನ್ವಿಯ ಖಾನಾವಳಿಯಲ್ಲಿ ಊಟ ಮುಗಿಸಿಕೊಂಡು ದೇವದುರ್ಗದ ಕಡೆ, ಕೃಷ್ಣಾ ದಂಡೆಯ ಒಂದು ಊರಿಗೆ ಹೋದೆ. ಮೊದಲ ಮನೆಯ ಕಟ್ಟೆಯ ಮೇಲೆ ಮೀನು ಹಿಡಿಯುವ ಮುದುಕರೊಬ್ಬರು ಕೂತಿದ್ದರು. ಅವರ ಗೋಡೆಗೇ ಅಂಟು ಬಳಿದು ಪೋಸ್ಟರ್ ಹಚ್ಚಿ, ಕಾಯ್ದೆ, ದಂಡ ಎರಡನ್ನೂ ಜೋರಾಗಿಯೇ ಓದಿ ಹೇಳಿದೆ.

“ಇದಕ್ಕ ಕಾಯ್ದೆ ಯಾಕ್ರೀ ಸಾಹೇಬ್ರ?” ಅಂದರು ಅವರು. “ಕೆಂಪು ನೀರು ಬಂತಂದ್ರ ಮೀನು ಬಸುರಾಗಿರ್ತಾವು. ಬಸುರಿ ಮ್ಯಾಲ ಯಾರರ ಕೈ ಮಾಡ್ತಾರೇನ್ರೀ? ನಮ್ಮಪ್ಪನ ಕಾಲದಿಂದ್ಲೂ ಬಲೆ ಗೂಟಕ್ಕ ಹಾಕಿಬಿಡ್ತೀವಿ.”

ಗೂಟದ ಬಲೆಯೊಳಗೆ ನಿಜಕ್ಕೂ ಜೇಡವೊಂದು ತನ್ನ ಬಲೆ ಕಟ್ಟಿತ್ತು.

ಅಷ್ಟರಲ್ಲಿ ಅವರ ಬಡಕಲು ಬೆಕ್ಕು ಬಂದು ನನ್ನ ಬಲಗೈ ನೆಕ್ಕತೊಡಗಿತು. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಅದೂ ಹಿಂದೆ ಬಂತು.

“ತಿಂಗಳಾತ್ರೀ, ಪಾಪ, ಅದಕ್ಕ ಮೀನಿನ ವಾಸನಿ ಸಿಕ್ಕಿಲ್ಲ,” ಅಂದರು ಮುದುಕರು, ನಗದೆ. “ಮಧ್ಯಾಹ್ನದ ಊಟ ಚಲೋ ಆತೇನ್ರೀ? ಮೀನಿನ ಹೊಟ್ಟ್ಯಾಗ ತತ್ತಿ ಇದ್ವೇನು?”

ಇದ್ದವು. ಹುರಿದ ಮೊಟ್ಟೆ ರುಚಿಯಾಗಿದೆ ಎಂದು ಎರಡನೇ ಸಲ ಕೇಳಿ ಹಾಕಿಸಿಕೊಂಡಿದ್ದೆ.

ಪೋಸ್ಟರಿನ ಕೊನೆಯ ಸಾಲನ್ನು ಓದದೆಯೇ ಬೈಕು ಹತ್ತಿದೆ. ನಿಯಮ ಮುರಿದವರ ಸುಳಿವು ಕೊಟ್ಟವರ ಹೆಸರನ್ನು ಗುಟ್ಟಾಗಿ ಇಡಲಾಗುವುದು ಎಂದು ಅದರಲ್ಲಿತ್ತು. ಆದ್ದರಿಂದ ಆ ಬೆಕ್ಕಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.